ಒಂಟಿಕಾಲಿನ ಹಕ್ಕಿಯ ನಡುಪಟ್ಟಿ

ಎಲ್ಲಿಂದ ಶುರು ಮಾಡಲಿ? ತುತ್ತೂರಿಯಿಂದಲಾ? ನಮ್ಮ ಆಯಾಕುಚೊ ಯುದ್ಧದ ಕಥೆಗಳೆಲ್ಲ ಹಾಗೇ ಶುರುವಾಗುತ್ತವೆ: ೧೮೨೪ರ ಡಿಸೆಂಬರ್, ಬೆಟ್ಟದ ಮೇಲೆ ಸ್ಪೇನ್ ರಾಜನ ಸೈನ್ಯ, ಕೆಳಗೆ ಬಯಲಲ್ಲಿ ಅವನ ಆಳ್ವಿಕೆ ಕಿತ್ತೊಗೆಯಲು ನಿಂತ ನಮ್ಮವರು. ಒಂದು ಪುಟ ಬರೆದೆ, ಹರಿದೆ.

(ಗಂಡನ ದಂಡಿನ ಹಿಂದೆ ಮಡಕೆ ಹೊತ್ತು ಬಂದ ತೊಮಾಸಾ ಒಲೆ ಊದುವುದು ಬಿಟ್ಟು ಕಥೆಯೊಳಗಿಂದಲೇ ತಲೆ ಎತ್ತಿದಳು. "ತುತ್ತೂರಿ ಯಾರಿಗೆ ಬೇಕೇ ತಾಯಿ? ನನ್ನ ಗಂಡ ಎಲ್ಲಿ ಹೋದ, ಅದನ್ನ ಬರಿ." ಎದುರುತ್ತರ ಕೊಟ್ಟು ಅಭ್ಯಾಸವಿಲ್ಲ ನನಗೆ. ಬರೆದೆ.)

೧.

ಯುದ್ಧಕ್ಕೆ ಮುಂಚೆ, ಎದುರು ಸೈನ್ಯದಲ್ಲಿ ನೆಂಟರಿದ್ದವರಿಗೆ ನಡುಬಯಲಲ್ಲಿ ಒಂದು ಸಲ ತಬ್ಬಿಕೊಂಡು ಬರಲು ಅಪ್ಪಣೆಯಾಯಿತು. "ಅಣ್ಣ ಇದಾನೆ ಆ ಕಡೆ" ಎಂದು ತೊಮಾಸಾಳ ಗಂಡ ಮೆಲ್ಚೋರನೂ ಹೊರಟ.

ಅಣ್ಣನೋ, ಇಸಿದೋರಾಳೋ? ಹಿಂದೆ ಅವನು ಮದುವೆಯಾಗಬೇಕಿದ್ದವಳು ಈಗ ರಾಜನ ದಂಡಿಗೆ ಅಡುಗೆಯವಳು. ಈ ಅಣ್ಣನನ್ನಂತೂ ತೊಮಾಸಾ ಕಂಡೇ ಇಲ್ಲ.

ಅವನು ತಿರುಗಿ ಬಂದಾಗ ಸೊಂಟದಲ್ಲಿ ಬೇರೆ ನಡುಪಟ್ಟಿ. ನಮ್ಮಲ್ಲಿ ಗಂಡಿಗೆ ಅದನ್ನು ನೇಯುವವಳು ಅವನ ಹೆಣ್ಣು. ತೊಮಾಸಾ ನೇಯ್ದದ್ದು ಕೆಂಪು ಹಕ್ಕಿಗಳು. ಕೊನೆಯದಕ್ಕೆ ಬೇಕೆಂದೇ ಒಂದೇ ಕಾಲು.

"ನನ್ನ ಹಕ್ಕಿ ಎಲ್ಲೋ?"

"ಅಣ್ಣನಿಗೆ ಕಟ್ಟಿದೆ ಕಣೇ. ಅವನದು ನನಗೆ ಕಟ್ಟಿದ."

"ನಿಮ್ಮಣ್ಣನ ಸೊಂಟ ಇಸಿದೋರಾಳದಷ್ಟೇ ಸಣ್ಣದಾ?"

"ಹಸಿವಾಗ್ತಿದೆ, ಹುರಿದ ಜೋಳ ಕೊಡೆ."

"ಹೋಗು, ಅವಳನ್ನೇ ಕೇಳು."

ಹಸಿದೇ ಹೋದ.

೨.

ಯುದ್ಧ.

(ಬಿಟ್ಟಿದ್ದೇನೆ. ಗೆದ್ದೆವು, ದೇಶ ನಮ್ಮದಾಯಿತು. ತೊಮಾಸಾ ಅಷ್ಟು ಹೊತ್ತೂ ಇಸಿದೋರಾಳ ಸೊಂಟವನ್ನೇ ಅಳೆಯುತ್ತಿದ್ದಳು. ಹೊಟ್ಟೆಕಿಚ್ಚಿನ ದಿನ ನಾನೂ ಡೈರಿಯಲ್ಲಿ ದೇಶದ ಸುದ್ದಿ ಬರೆದವಳಲ್ಲ.)

೩.

ಒಂದು ಕೊನೆ: ಇಬ್ಬರು ಹೆಂಗಸರ ಜಡೆಜಗಳ. ಥೂ, ಹೊಡೆದು ಹಾಕಿದೆ.

ಇನ್ನೊಂದು: ಮೆಲ್ಚೋರ್ ಸಾಯುತ್ತಾನೆ. "ಬರಿ ನೋಡೋಣ, ನಿನ್ನ ಕಾಗದ ಒಲೆಗೆ ಹಾಕ್ತೀನಿ" ಅಂದಳು ತೊಮಾಸಾ.

ಹಾಗಾದರೆ ಇದು. ಇಳಿಜಾರಿನ ಹೆಣಗಳ ನಡುವೆ ಮಕಾಡೆ ಬಿದ್ದ ಒಬ್ಬ, ರಾಜನ ಕಡೆಯ ಅಂಗಿ. ಸೊಂಟದಲ್ಲಿ ಕೆಂಪು ಹಕ್ಕಿಗಳು, ಕೊನೆಯದಕ್ಕೆ ಒಂದೇ ಕಾಲು.

ಗಂಡಸು! ಇಸಿದೋರಾ ಅಲ್ಲ! ತೊಮಾಸಾ ನಕ್ಕೇಬಿಟ್ಟಳು. ಆಮೇಲೆ ಆ ಕಿವಿ ನೋಡಿದಳು. ಥೇಟ್ ಮೆಲ್ಚೋರನದೇ.

"ನನ್ನ ಯಾಕೇ ನಗಿಸಿದೆ?" ಎಂದು ನನ್ನನ್ನು ಕೇಳಿದಳು. ನಾನು ನಗಿಸಿರಲಿಲ್ಲ.

ಹಿಂದೆ ಹೆಜ್ಜೆ ಸಪ್ಪಳ. ತೊಮಾಸಾ ಲಂಗ ಹರಡಿ, ಹಕ್ಕಿಗಳನ್ನು ಮುಚ್ಚಿ ಕೂತಳು.

"ನಮ್ಮಣ್ಣನ್ನ ನೋಡಿದ್ಯಾ?" ಮೆಲ್ಚೋರ್, ಜೀವಂತ. "ನೀನು ನೇಯ್ದಿದ್ದು ಕಟ್ಕೊಂಡಿದಾನೆ. ಗುರುತು ಸಿಗುತ್ತೆ."

ಅವಳು ಮಡಿಲಿಂದ ಜೋಳ ತೆಗೆದು ಅವನ ಬೊಗಸೆಗೆ ಸುರಿದಳು. "ಮೊದಲು ತಿನ್ನು."

ತಿನ್ನುತ್ತಿದ್ದಾನೆ. ಅವನು ತಿಂದು ಮುಗಿಸುವ ವಾಕ್ಯವನ್ನು ನಾನು ಬರೆಯುವುದಿಲ್ಲ.