ಗೌರಕ್ಕನ ಕೆಮ್ಮು

ಎಪ್ಪತ್ತೇಳನೆಯ ಇಸವಿಯ ಬೇಸಿಗೆಯಲ್ಲಿ ನಿಡುಗಲ್ಲಿನ ಶಾಲೆಯ ಜಗಲಿಯ ಮೇಲೆ ಜುಂಜಮ್ಮನೂ ಅವಳ ಅಕ್ಕ ಗೌರಕ್ಕನೂ ಕೂತಿದ್ದರು. ಒಂದೇ ಮನೆಯ ಅಣ್ಣತಮ್ಮಂದಿರಿಗೆ ಕೊಟ್ಟ ಹೆಣ್ಣುಗಳು. ಗಂಡಂದಿರು ಹೋದಮೇಲೆ ಒಂದೇ ಒಲೆ, ಒಂದೇ ಕುರಿಮಂದೆ, ಇಬ್ಬರ ನಡುವೆ ಗೌರಕ್ಕನ ಮಗಳು ಪುಟ್ಟಕ್ಕ ಒಬ್ಬಳೇ. ಕ್ಷಯವೂ ಇಬ್ಬರಿಗೂ ಒಟ್ಟಿಗೇ ಹತ್ತಿತ್ತು.

ಬೆಂಗಳೂರಿನಿಂದ ಜೀಪಿನಲ್ಲಿ ಬಂದಿದ್ದ ಡಾಕ್ಟರು ವೆಂಕಟರಾಮಯ್ಯ ಎಲ್ಲರಿಗೂ ಬಿಡಿಸಿ ಹೇಳಿದರು. ಹಳೆಯ ಔಷಧಿಯಾದರೆ ಸೂಜಿ, ಮಾತ್ರೆ, ಒಂದೂವರೆ ವರ್ಷ. ಹೊಸದು ಕೆಂಪು ಗುಳಿಗೆ, ಅದರ ಅರ್ಧ ಕಾಲ. ಯಾವುದು ಮೇಲೆಂದು ಇನ್ನೂ ಯಾರಿಗೂ ಗೊತ್ತಿಲ್ಲ, ಅದನ್ನು ತಿಳಿಯಲೆಂದೇ ಬಂದಿರುವುದು. ಯಾರಿಗೆ ಯಾವುದು ಎಂದು ಡಾಕ್ಟರು ಕೂಡ ಆರಿಸುವಂತಿರಲಿಲ್ಲ. ರೋಗಿ ಮುಂದೆ ಬಂದಾಗ, ಬೆಂಗಳೂರಿನಲ್ಲೇ ಅಂಟಿಸಿ ತಂದ ಲಕೋಟೆಗಳ ಕಟ್ಟಿನಿಂದ ಮೇಲಿನದನ್ನು ಒಡೆದು, ಅದರಲ್ಲಿ ಬರೆದದ್ದನ್ನೇ ಕೊಡಬೇಕು.

ಮೊದಲು ಕರೆದದ್ದು ಗೌರಕ್ಕನನ್ನು. ಅವಳು ಏಳುತ್ತಲೇ ಕೆಮ್ಮು ಹತ್ತಿಕೊಂಡಿತು. ಕಂಬ ಹಿಡಿದು ಬಗ್ಗಿ, "ನೀನ್ ಹೋಗು ಜುಂಜಿ, ನಾನು ಹಿಂದೇನೆ ಬತ್ತೀನಿ" ಎಂದು ಕೈಬೀಸಿದಳು. ಜುಂಜಮ್ಮ ಹೋದಳು. ಅವಳಿಗೆ ಕೆಂಪು ಗುಳಿಗೆ ಬಂತು. ಹಿಂದೆ ಬಂದ ಅಕ್ಕನಿಗೆ ಸೂಜಿ.

ಮಳೆ ಬೀಳುವ ಹೊತ್ತಿಗೆ ಜುಂಜಮ್ಮ ಕುರಿಗಳ ಹಿಂದೆ ಬೆಟ್ಟ ಹತ್ತುತ್ತಿದ್ದಳು. ಗೌರಕ್ಕ ಸ್ವಲ್ಪ ಚೇತರಿಸಿಕೊಂಡಂತೆ ಕಂಡು ಮತ್ತೆ ಕುಸಿದಳು. ಜುಂಜಮ್ಮ ಒಂದು ದಿನ ಗುಳಿಗೆಯನ್ನು ನುಂಗದೆ, ಅಕ್ಕನಿಗೆಂದು ದವಡೆಯಲ್ಲಿ ಅಡಗಿಸಿಕೊಂಡಳು. ಅದು ಕರಗಿ ಬಾಯೆಲ್ಲ ಕೆಂಪಾಯಿತು. ನರ್ಸು ನಾಗರತ್ನಮ್ಮ ಬಾಯಿ ತೆಗೆಸಿ ನೋಡಿ, ಹೀಗೆ ಹಂಚಿ ತಿಂದರೆ ಇಬ್ಬರೂ ಉಳಿಯುವುದಿಲ್ಲ ಎಂದು ಗದರಿಸಿ ನುಂಗಿಸಿದಳು.

ದೀಪಾವಳಿ ಕಳೆದು ಗೌರಕ್ಕ ತೀರಿಕೊಂಡಳು. ಡಾಕ್ಟರು ಮನೆಗೇ ಬಂದು ಬಹಳ ಹೊತ್ತು ಕೂತರು. ಅವಳ ಎದೆ ಮೊದಲೇ ಪೂರ್ತಿ ಕೆಟ್ಟುಹೋಗಿತ್ತು, ಅದೇ ಸೂಜಿಯಿಂದ ಎಷ್ಟೋ ಜನ ಬದುಕಿದ್ದಾರೆ ಎಂದರು. ಗುಳಿಗೆ ಕೊಟ್ಟಿದ್ದರೆ ಉಳಿಯುತ್ತಿದ್ದಳೇ ಎಂದು ಜುಂಜಮ್ಮ ಕೇಳಿದಳು.

"ಅದನ್ನ ಯಾರೂ ಹೇಳೋಕಾಗಲ್ಲಮ್ಮ."

ಅವಳ ಕಿವಿಯಲ್ಲಿ ಉಳಿದದ್ದು ಅದೊಂದೇ ಮಾತು.

ಆಮೇಲೆ ಕೆಮ್ಮು ಕೇಳಿಸತೊಡಗಿತು. ಕುರಿ ಹಟ್ಟಿಯ ಹಿಂದಿನಿಂದ, ಬಿಸಿಲು ನೆತ್ತಿಗೇರಿದ ಹೊತ್ತಿನಲ್ಲಿ, ಮೊದಲು ಗಂಟಲು ಕೆರೆದಂತೆ, ಆಮೇಲೆ ಜೋಡಿ ಕೆಮ್ಮು, ಕೊನೆಗೆ ಎಳೆದ ಉಸಿರು. ಹೋಗಿ ನೋಡಿದರೆ ಯಾರೂ ಇಲ್ಲ. ಪಕ್ಕದ ಮನೆಯ ಕರಿಬಸಮ್ಮ ಹೇಳಿದಂತೆ ಎಡೆ ಇಟ್ಟದ್ದಾಯಿತು. ಕೆಮ್ಮು ನಿಲ್ಲಲಿಲ್ಲ. ಅಂದು ಶಾಲೆಯಲ್ಲಿ ಬಿಟ್ಟುಕೊಟ್ಟ ಸರದಿಯನ್ನು ಅಕ್ಕ ವಾಪಸು ಕೇಳುತ್ತಿದ್ದಾಳೆ ಎಂದುಕೊಂಡ ಜುಂಜಮ್ಮ, ರಾಗಿ ಬೀಸುತ್ತ ಕೂತಲ್ಲಿಂದಲೇ ಅದಕ್ಕೆ ಉತ್ತರ ಕೊಡಲು ಶುರುಮಾಡಿದಳು. ಮಂದೆಯ ವಿಷಯ ಹೇಳುವಳು. ಅಕ್ಕನ ಮಗಳು ಪುಟ್ಟಕ್ಕ ಎಷ್ಟು ಬೆಳೆದಳೆಂದು ಹೇಳುವಳು.

ವರ್ಷಗಳು ಹೀಗೇ ಹೋದವು. ಎಂಬತ್ತನಾಲ್ಕರಲ್ಲಿ ಕೆಮ್ಮು ಹೆಚ್ಚಾಯಿತು. ಅಕ್ಕನ ಸಿಟ್ಟು ಏರಿದೆ ಎಂದು ಹೆದರಿದ ಜುಂಜಮ್ಮ ಒಂದು ಮಧ್ಯಾಹ್ನ ಚೊಂಬಿನಲ್ಲಿ ಮಜ್ಜಿಗೆ ಹಿಡಿದು ಹಟ್ಟಿಯ ಹಿಂದೆ ಹೋದಳು. ಗೂಟ ಹಿಡಿದು ಬಗ್ಗಿ ನಿಂತ ಬೆನ್ನು ಕಂಡಿತು. ಅದೇ ಬೆನ್ನು.

"ತಗಳೇ ಅಕ್ಕ" ಎಂದು ಚೊಂಬು ಚಾಚಿದಳು.

ತಿರುಗಿದ್ದು ಪುಟ್ಟಕ್ಕ. ಬಾಯಿಗೆ ಸೆರಗು ತುರುಕಿಕೊಂಡಿದ್ದಳು, ಸೆರಗಿನ ತುದಿಯಲ್ಲಿ ರಕ್ತವಿತ್ತು. ಯಾಕೆ ಹೇಳಲಿಲ್ಲವೆಂದು ಜುಂಜಮ್ಮ ಅವಳನ್ನು ಹಿಡಿದು ಅಲುಗಿಸಿದಳು. ಹುಡುಗಿ ಸೆರಗನ್ನು ಬಾಯಿಂದ ತೆಗೆದಳು.

"ನಾನ್ ಕೆಮ್ಮಿದ್ರೆ ನೀನು ಅವ್ವನ್ ಜೊತೆ ಮಾತಾಡ್ತಿದ್ದೆ ಚಿಕ್ಕವ್ವ. ನನ್ ಇಸ್ಯಾನೂ ಅವ್ವಂಗೆ ಹೇಳ್ತಿದ್ದೆ. ನಾನು ಅದ್ನ ಕೇಳುಸ್ಕೊಂಡು ಇಲ್ಲೇ ಕೂತ್ಕಂಬುಡ್ತಿದ್ದೆ."

ಮಾರನೆಯ ದಿನವೇ ಇಬ್ಬರೂ ಪಾವಗಡದ ಬಸ್ಸು ಹತ್ತಿದರು. ಅಲ್ಲಿನ ಆಸ್ಪತ್ರೆಯಲ್ಲಿ ಪುಟ್ಟಕ್ಕನ ಕೈಗೆ ಕೆಂಪು ಗುಳಿಗೆಯನ್ನೇ ಕೊಟ್ಟರು; ಹಿಂದೆ ಊರೂರಲ್ಲಿ ಪರೀಕ್ಷೆ ಮಾಡಿ ನೋಡಿದ್ದರಿಂದ ಈಗ ಇದನ್ನು ಧೈರ್ಯವಾಗಿ ಕೊಡುತ್ತೇವೆ ಎಂದರು. ಜುಂಜಮ್ಮ ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು, ಅಕ್ಕ ಸತ್ತ ದಿನವೂ ಅಳದ ಹಾಗೆ ಅತ್ತಳು. ಪುಟ್ಟಕ್ಕ ಗುಣವಾದಳು. ಗೌಡಗೆರೆಯ ಕಡೆ ಮದುವೆಯೂ ಆಯಿತು.

ಅವಳು ಹೊರಟುಹೋದ ಮೇಲೂ ಹಟ್ಟಿಯ ಹಿಂದೆ ಕೆಮ್ಮು ಕೇಳುತ್ತಲೇ ಇತ್ತು. ಜುಂಜಮ್ಮ ಅದನ್ನು ಯಾರಿಗೂ ಹೇಳಲಿಲ್ಲ.

ಬಾಣಂತನಕ್ಕೆ ಬಂದಿದ್ದ ಪುಟ್ಟಕ್ಕ ಒಂದು ಮಧ್ಯಾಹ್ನ ಮಗುವಿಗೆ ಹಾಲು ಕೊಡುತ್ತಿದ್ದವಳು ತಟ್ಟನೆ ತಲೆಯೆತ್ತಿದಳು. ಹೊರಗೆ ಜೋಡಿ ಕೆಮ್ಮು, ಆಮೇಲೆ ಎಳೆದ ಉಸಿರು. ಈ ಸಲ ಹಟ್ಟಿಯ ಹಿಂದಲ್ಲ, ಹೊಸಿಲ ಹತ್ತಿರ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು.

ಜುಂಜಮ್ಮ ಎದ್ದು ಹೋಗಿ ಬಾಗಿಲಿಗೆ ಅಡ್ಡ ನಿಂತಳು.

"ಒಳೀಕ್ ಬರ್ಬ್ಯಾಡ ಅಕ್ಕ. ಕೂಸೈತೆ" ಎಂದು ಮೆಲ್ಲಗೆ ಕದ ಮುಂದಕ್ಕೆಳೆದಳು.