ಮೇಣ ಹಚ್ಚಿದ ದಾರ

ಮೊದಲ ಗಂಟು ಜಾರಿದಾಗ ಟೈಲರ್ ನಕ್ಕುಬಿಟ್ಟ. ಹನ್ನೆರಡರಲ್ಲಿ ಒಂದು ಕೈಕೊಟ್ಟರೆ ಏನು ಮಹಾ ಎಂದುಕೊಂಡ. ಎರಡನೆಯದೂ ಜಾರಿತು. ಮೂರನೆಯದನ್ನು ದೋಣಿಯಮ್ಮ ಕಿಟಕಿಯ ಬೆಳಕಿಗೆ ತಂದು, ಒಂದು ಕೈಯಲ್ಲಿ ಗಾಳದ ಕೊಕ್ಕೆ, ಇನ್ನೊಂದರಲ್ಲಿ ದಾರ ಹಿಡಿದು ಎಳೆದಳು. ದಾರ ಸದ್ದಿಲ್ಲದೆ ಬಿಚ್ಚಿಕೊಂಡು ಬಂತು, ಕೊಕ್ಕೆ ಅವಳ ಬೆರಳಲ್ಲೇ ಉಳಿಯಿತು. ಅಷ್ಟು ಹೊತ್ತಿಗೆ ಟೈಲರನ ನಗು ಎಲ್ಲಿಗೋ ಹೋಗಿತ್ತು.

ಹೊಳೆಯಲ್ಲಿ ಮೀನು ಹಿಡಿಯಬೇಕೆನ್ನುವವರನ್ನು ದೋಣಿಯಲ್ಲಿ ಕರೆದುಕೊಂಡು ಹೋಗಿ, ಮೀನಿರುವ ಜಾಗ ತೋರಿಸುವುದು ದೋಣಿಯಮ್ಮನ ಕಸುಬು. ಹೊರಡುವ ಹಿಂದಿನ ಮಧ್ಯಾಹ್ನ ಗಿರಾಕಿಯ ಮನೆಗೇ ಬಂದು ಸಾಮಾನೆಲ್ಲ ನೋಡಿ, ಒಂದೊಂದು ಗಂಟನ್ನೂ ಎಳೆದು ಪರೀಕ್ಷಿಸುವುದು ಅವಳ ಪದ್ಧತಿ. ನೀರಿನ ನಡುವೆ ತಪ್ಪು ಕಂಡುಹಿಡಿದು ಏನು ಪ್ರಯೋಜನ ಅನ್ನುತ್ತಿದ್ದಳು. ಹೋದ ತಿಂಗಳು ಅವಳೇ ಬರೆದುಕೊಟ್ಟ ಪಟ್ಟಿ ಅಂಗಡಿಯ ನಿಲುವುಗನ್ನಡಿಗೆ ಅಂಟಿಕೊಂಡಿತ್ತು. ಟೋಪಿ, ಹಳೇ ಬೂಟು, ಬುತ್ತಿ ಡಬ್ಬಿ, ಕಟ್ಟಿದ ಕೊಕ್ಕೆ ಹನ್ನೆರಡು. ಹೀಗೆ ಹದಿನಾಲ್ಕು ಸಾಲು. ಹದಿಮೂರಕ್ಕೆ ಗೀಟು ಬಿದ್ದಿತ್ತು.

"ಯಜಮಾನ್ರೇ, ಇದಕ್ಕೆ ಏನು ಹಚ್ಚಿದೀರಿ?"

"ಮೇಣ. ಅಸಲಿ ಜೇನುಮೇಣ. ಹದಿನೆಂಟನೇ ವಯಸ್ಸಿಂದ ಹಚ್ತಾ ಇದೀನಿ, ಒಂದು ಗುಂಡಿ ಉದುರಿಲ್ಲ."

"ಕೋಟಿಗೆ ಒಳ್ಳೇದು. ಇದು ನೈಲಾನು. ಮೇಣ ಹಚ್ಚಿದ್ರೆ ಗಂಟು ಕೂರಲ್ಲ. ಮೀನು ಎರೆ ತಿಂದು, ನಿಮ್ಮ ಕೊಕ್ಕೆ ಮೂಗಿಗೆ ಸಿಗಿಸ್ಕೊಂಡು ನೆಂಟರ ಮನೆಗೆ ಹೋಗುತ್ತೆ."

ಅಂಗಡಿಗೂ ಮನೆಗೂ ನಡುವಿನ ಪರದೆಯ ಆಚೆ ಹೆಂಡತಿ ಕಿಸಕ್ಕೆಂದು ನಕ್ಕದ್ದು ಕೇಳಿಸಿತು. ಟೈಲರನ ಕಿವಿ ಕೆಂಪಾಯಿತು. ಅಷ್ಟೂ ಗಂಟುಗಳನ್ನು ಅವನು ಯಾರಿಗೂ ತೋರಿಸದೆ, ಕೆಲಸದ ಬಿಡುವಿನಲ್ಲಿ, ಕನ್ನಡಕ ಮೂಗಿನ ತುದಿಗೆ ಇಳಿಸಿಕೊಂಡು ಹಾಕಿದ್ದ. ಮೀನು ಹಿಡಿಯುವವಳು ಹೆಂಡತಿ. ಚಿಕ್ಕವಳಿದ್ದಾಗ ಅಪ್ಪನ ಜೊತೆ ಕೆರೆಯ ದಂಡೆಯಲ್ಲಿ ಕೂತು ಗಾಳ ಹಾಕುತ್ತಿದ್ದವಳು, ಮದುವೆಯಾಗಿ ಬಂದಮೇಲೆ ಮೀನನ್ನು ನೋಡಿದ್ದು ಮಾರ್ಕೆಟ್ಟಿನ ಕಟ್ಟೆಯ ಮೇಲೆ ಮಾತ್ರ. ಮೂವತ್ತೊಂದು ವರ್ಷ ಗಂಡನ ಕೋಟುಗಳಿಗೆ ಕಾಜಾ ಹೊಲಿದಳು, ಗುಂಡಿ ಕಟ್ಟಿದಳು. "ಒಂದು ಸಲ ನಿನ್ನ ಗಾಳಕ್ಕೆ ನಾನು ಗಂಟು ಹಾಕ್ತೀನಿ, ನೀನು ಮುಟ್ಟಬೇಡ," ಎಂದು ಟೈಲರ್ ಠೀವಿಯಿಂದ ಹೇಳಿದ್ದ. ಹೇಳಿದ್ದಷ್ಟೇ ಬಂತು.

"ನಾಳೆ ಬೆಳಿಗ್ಗೆ ಐದೂವರೆಗೆ ಬರ್ತೀನಿ," ದೋಣಿಯಮ್ಮ ಎದ್ದಳು. "ಹೊಸ ದಾರ ತಗೊಂಡು ಹನ್ನೆರಡೂ ಮತ್ತೆ ಕಟ್ಟಿ. ಈ ವರ್ಷದ ಕೊನೇ ಸವಾರಿ ಇದು. ವಾರ ಕಳೆದ್ರೆ ಮೀನು ಮೊಟ್ಟೆ ಇಡೋ ಕಾಲ, ನಾನು ದೋಣಿ ಇಳಿಸಲ್ಲ." ಕನ್ನಡಿಯ ಪಟ್ಟಿಯನ್ನು ನೋಡಿ, "ಟೇಪು ಎಲ್ಲಿ? ಒಂದು ಅಡಿಗಿಂತ ಚಿಕ್ಕ ಮೀನಾದ್ರೆ ವಾಪಸ್ ನೀರಿಗೆ ಬಿಡಬೇಕು. ಅಳೀದೆ ನಾನು ಒಪ್ಪಲ್ಲ," ಎಂದಳು.

"ಇಲ್ಲೇ ಇದೆಯಲ್ಲ." ಟೈಲರ್ ಕುತ್ತಿಗೆಯಿಂದ ಇಳಿಬಿದ್ದ ಹಳದಿ ಟೇಪನ್ನು ಮುಟ್ಟಿ ತೋರಿಸಿದ. "ಹೊರಡುವಾಗ ಬ್ಯಾಗಿಗೆ ಹಾಕ್ಕೋತೀನಿ."

ಬಾಗಿಲ ತನಕ ಬಂದ ಹೆಂಡತಿ ದೋಣಿಯಮ್ಮನ ಕೈಗೆ ಒಂದು ಲೋಟ ಚಹಾ ಕೊಟ್ಟಳು. ಟೇಪಿನ ವಿಷಯಕ್ಕೆ ಏನೂ ಅನ್ನಲಿಲ್ಲ.

ಅನ್ನದೇ ಇದ್ದುದಕ್ಕೆ ಕಾರಣವಿತ್ತು. ಈ ಹೊಳೆಯ ಪ್ರಯಾಣ ಮೂರು ಸಲ ನಿಗದಿಯಾಗಿ ಮೂರು ಸಲವೂ ನಿಂತುಹೋಗಿತ್ತು. ಒಮ್ಮೆ ಮದುಮಗನ ಸೂಟು, ಒಮ್ಮೆ ಶಾಲೆಯ ಬ್ಯಾಂಡಿನ ನಲವತ್ತು ಜೊತೆ ಬಟ್ಟೆ, ಮತ್ತೊಮ್ಮೆ ಒಬ್ಬ ವಕೀಲರ ಕರಿಕೋಟು. ಪ್ರತಿ ಸಲವೂ ಟೈಲರ್, "ಬಾಗಿಲಿಗೆ ಬಂದವರಿಗೆ ಇಲ್ಲ ಅನ್ನೋಕಾಗುತ್ತಾ? ಮುಂದಿನ ವರ್ಷ ಖಂಡಿತ," ಎಂದಿದ್ದ. ಪ್ರತಿ ಸಲವೂ ಅವಳು, "ಸರಿ ಬಿಡಿ," ಎಂದಿದ್ದಳು. ಅವಳ ಆ ಮಾತು ಎಷ್ಟು ಹಗುರವಾಗಿ ಬರುತ್ತಿತ್ತೆಂದರೆ ಅವಳಿಗೆ ನಿಜಕ್ಕೂ ಬೇಸರವಿಲ್ಲ ಎಂದೇ ಟೈಲರ್ ತಿಳಿದಿದ್ದ. ಹಾಗೆ ತಿಳಿದಿರುವುದು ಅವನಿಗೂ ಅನುಕೂಲವಾಗಿತ್ತು.

ದೋಣಿಯಮ್ಮ ಹೋಗಿ ಇನ್ನೂ ಅರ್ಧ ಗಂಟೆಯಾಗಿರಲಿಲ್ಲ. ಟೈಲರ್ ಹೊಸ ದಾರದ ಉಂಡೆ ಬಿಡಿಸಿ ಕತ್ತರಿ ಹುಡುಕುತ್ತಿದ್ದ. ಹೆಡ್‌ಮೇಷ್ಟ್ರು ಏದುಸಿರು ಬಿಡುತ್ತ ಒಳಗೆ ಬಂದರು. ಕೈಯಲ್ಲಿ ಬೂದು ಬಣ್ಣದ ಕೋಟು. ನಾಲ್ಕು ವರ್ಷದ ಹಿಂದೆ ಟೈಲರನೇ ಹೊಲಿದದ್ದು.

"ಟೈಲರ್, ನನ್ನ ಮಾನ ನಿಮ್ಮ ಕೈಲಿದೆ! ನಾಳೆ ಹನ್ನೊಂದು ಗಂಟೆಗೆ ನನ್ನ ಬೀಳ್ಕೊಡುಗೆ ಸಮಾರಂಭ. ಈಗ ಹಾಕಿ ನೋಡಿದೆ, ಗುಂಡಿ ಒಪ್ತಾ ಇಲ್ಲ."

"ಗುಂಡಿ ಒಪ್ಪುತ್ತೆ ಮೇಷ್ಟ್ರೇ. ಹೊಟ್ಟೆ ಒಪ್ತಿಲ್ಲ."

"ಅದನ್ನೇ ಹೇಳಿದ್ದು. ಈ ಹೊಟ್ಟೆಯ ಇತಿಹಾಸ ನಿಮ್ಮನ್ನು ಬಿಟ್ರೆ ಇನ್ಯಾರಿಗೆ ಗೊತ್ತು ಹೇಳಿ. ಪಕ್ಕ ಬಿಚ್ಚಿ ಸಡಿಲ ಮಾಡಿಕೊಡಿ. ಬೆಳಿಗ್ಗೆ ಎಂಟಕ್ಕೆ ಬಂದು ಟ್ರಯಲ್ ನೋಡ್ತೀನಿ."

ಟೈಲರ್ ಯೋಚನೆ ಮಾಡಲೇ ಇಲ್ಲ, ಕೈ ತಾನಾಗಿ ಟೇಪಿಗೆ ಹೋಯಿತು. ಮೇಷ್ಟ್ರ ಸುತ್ತ ಟೇಪು ಹಾಯಿಸಿದ, ಎರಡು ಬೆರಳಿನ ಸಡಿಲ ಬಿಟ್ಟ, ಕಿವಿಯ ಮೇಲಿನ ಪೆನ್ಸಿಲ್ ತೆಗೆದ. ಹೊಲಿಗೆಯ ಒಳಗೆ ಮಡಚಿದ ಬಟ್ಟೆ ಎಷ್ಟಿದೆ, ಯಾವ ಹೊಲಿಗೆ ಮೊದಲು ಬಿಚ್ಚಬೇಕು ಎಂದು ತಲೆಯಲ್ಲಿ ಲೆಕ್ಕ ಶುರುವಾಯಿತು. ಸೀಮೆಸುಣ್ಣದ ಚೂರು ಆಗಲೇ ಬೆರಳಿಗೆ ಬಂದಿತ್ತು. ನಾಳೆ ಬೆಳಿಗ್ಗೆ ಐದೂವರೆಗೆ ತಾನು ಎಲ್ಲಿರಬೇಕು ಎಂಬುದು ಆ ಹೊತ್ತಿನಲ್ಲಿ ಅವನ ನೆನಪಿಗೆ ಬರಲಿಲ್ಲ. ಕೆಲಸದ ಚಾಳಿ ಅಂದರೆ ಅದು.

ಅಳತೆ ಬರೆದುಕೊಳ್ಳಲೆಂದು ತಿರುಗಿದಾಗ ಪರದೆಯ ಸಂದಿಯಲ್ಲಿ ಹೆಂಡತಿ ಕಂಡಳು. ಬ್ಯಾಗಿನ ಮುಂದೆ ಕೂತಿದ್ದಳು. ಮೇಷ್ಟ್ರ ದನಿ ಕೇಳಿಸಿದ ಮೇಲೆ ಅವಳು ಇನ್ನೇನನ್ನೂ ಕೇಳುವ ಅಗತ್ಯವಿರಲಿಲ್ಲ. ಟೋಪಿಯನ್ನು ಹೊರಗೆ ತೆಗೆದು, ಮಡಿಕೆ ಬಿದ್ದ ಅಂಚನ್ನು ಅಂಗೈಯಿಂದ ಸರಿಮಾಡಿ, ಗೋಡೆಯ ಮೊಳೆಗೆ ನೇತುಹಾಕಿದಳು. ಬೂಟುಗಳನ್ನು ಜೋಡಿಸಿ ಮಂಚದ ಕೆಳಗೆ ತಳ್ಳಿದಳು. ಬುತ್ತಿಯ ಡಬ್ಬಿಯನ್ನು ಕಪಾಟಿನಲ್ಲಿಟ್ಟು ಬಾಗಿಲು ಹಾಕಿದಳು, ಸದ್ದಾಗದ ಹಾಗೆ. ಯಾವುದನ್ನು ಎಲ್ಲಿಡಬೇಕು ಎಂದು ಒಮ್ಮೆಯೂ ತಡವರಿಸಲಿಲ್ಲ. ಮೂರು ಸಲ ಮಾಡಿ ಅಭ್ಯಾಸವಾದ ಕೆಲಸ ಅದು. ಮುಖದಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಟೈಲರನಿಗೆ ಸುಲಭವಾಗುತ್ತಿತ್ತು.

ಇಷ್ಟು ವರ್ಷ ಅವಳು "ಸರಿ ಬಿಡಿ" ಅಂದಾಗಲೆಲ್ಲ ಪರದೆಯ ಆಚೆ ನಡೆಯುತ್ತಿದ್ದುದು ಇದು. ಅವನು ಒಮ್ಮೆಯೂ ತಿರುಗಿ ನೋಡಿರಲಿಲ್ಲ.

"ಏನ್ರೀ, ಎಷ್ಟಿಂಚು ಬೆಳೆದಿದೀನಿ?" ಮೇಷ್ಟ್ರು ಉಸಿರು ಬಿಗಿಹಿಡಿದೇ ಕೇಳಿದರು.

ಟೈಲರ್ ಸೀಮೆಸುಣ್ಣವನ್ನು ಡಬ್ಬಿಗೆ ಹಾಕಿದ. "ಮೇಷ್ಟ್ರೇ, ಆಗಲ್ಲ."

"ಏನಾಗಲ್ಲ? ಬಟ್ಟೆ ಸಾಲಲ್ವಾ?"

"ಬಟ್ಟೆ ಸಾಲುತ್ತೆ. ನಂಗಾಗಲ್ಲ. ನಾಳೆ ನಾವಿಬ್ರೂ ಮೀನು ಹಿಡಿಯೋಕೆ ಹೋಗ್ತಿದೀವಿ."

ಮೇಷ್ಟ್ರು ಬಾಯಿ ತೆರೆದು ನಿಂತರು. ಮೂವತ್ತೈದು ವರ್ಷ ಮಕ್ಕಳ ಬಾಯಲ್ಲಿ ಎಲ್ಲ ಬಗೆಯ ನೆಪ ಕೇಳಿದವರು, ಇಂಥದೊಂದನ್ನು ಕೇಳಿರಲಿಲ್ಲ. "ಮೀನು ನಾಡಿದ್ದೂ ಅಲ್ಲೇ ಇರುತ್ತಲ್ರೀ!"

"ಇರುತ್ತೆ. ನಾನೂ ಹಾಗೇ ಅಂದ್ಕೊಂಡಿದ್ದೆ ಇಷ್ಟು ವರ್ಷ." ಗಿರಾಕಿಗೆ ಇಲ್ಲವೆಂದು ಹೇಳಿ ಅಭ್ಯಾಸವಿಲ್ಲದ ಟೈಲರನ ನಾಲಿಗೆ ತಡವರಿಸುತ್ತಿತ್ತು. ಆದರೂ ಮೇಷ್ಟ್ರನ್ನು ಹಾಗೇ ಕಳಿಸಲು ಮನಸ್ಸು ಬರಲಿಲ್ಲ. ಕೋಟನ್ನು ಅವರಿಗೆ ತೊಡಿಸಿ, ಭುಜ ಸವರಿ ಸರಿಮಾಡಿ, ಗುಂಡಿ ಹಾಕದೆ ಕನ್ನಡಿಯ ಮುಂದೆ ನಿಲ್ಲಿಸಿದ. "ನೋಡಿ. ಹೀಗೇ ಬಿಟ್ಕೊಳ್ಳಿ. ಒಂದು ಕೈ ಪ್ಯಾಂಟಿನ ಜೇಬಲ್ಲಿ. ಗುಂಡಿ ಹಾಕೋರು ಗುಮಾಸ್ತರು. ನಾಳೆ ಭಾಷಣ ಮಾಡೋರು ನೀವು."

ಮೇಷ್ಟ್ರು ಕೈ ಜೇಬಿಗಿಳಿಸಿ ಎಡಕ್ಕೂ ಬಲಕ್ಕೂ ತಿರುಗಿದರು. ಗದ್ದ ಸ್ವಲ್ಪ ಮೇಲೆತ್ತಿದರು. "ಪರವಾಗಿಲ್ಲ ಅಲ್ವಾ?" ಎಂದರು. ಹೋಗುವಾಗ ಬಾಗಿಲಲ್ಲಿ ನಿಂತು, "ದೊಡ್ಡದು ಸಿಕ್ರೆ ನಮಗೂ ಒಂದು ತುಂಡು," ಎಂದು ಹೇಳುವುದನ್ನು ಮರೆಯಲಿಲ್ಲ.

ಟೈಲರ್ ಪರದೆ ಸರಿಸಿದ. ಹೆಂಡತಿ ಖಾಲಿ ಬ್ಯಾಗನ್ನು ಮಡಚುತ್ತಿದ್ದವಳು ಹಾಗೇ ಕೂತಿದ್ದಳು. ಎಲ್ಲ ಕೇಳಿಸಿಕೊಂಡಿದ್ದಳು.

"ರೀ, ನಿಜವಾಗ್ಲೂ ಕಳಿಸಿಬಿಟ್ರಾ?"

"ಹೂಂ. ಆದ್ರೆ ಇನ್ನೊಂದು ಕಷ್ಟ ಇದೆ." ಅವನು ಹೊಸ ದಾರದ ಉಂಡೆ ಚಾಚಿದ. "ನಂಗೆ ಈ ಗಂಟು ಬರಲ್ಲ. ಹೇಳಿಕೊಡು."

ಅವಳು ಒಂದು ಗಳಿಗೆ ಅವನನ್ನೇ ನೋಡಿದಳು. ಆಮೇಲೆ ಎದ್ದು ಬಂದು ಕಟಿಂಗ್ ಮೇಜಿನ ಈಚೆಯ ಕುರ್ಚಿಯಲ್ಲಿ ಕೂತಳು. ಮೂವತ್ತೊಂದು ವರ್ಷದಿಂದ ಆ ಕುರ್ಚಿ ಟೈಲರನದು. ದಾರದ ತುದಿಯನ್ನು ಕೊಕ್ಕೆಯ ಕಣ್ಣಿಗೆ ತೂರಿಸಿ, ಐದು ಸುತ್ತು ಸುತ್ತಿ, ತುದಿಯನ್ನು ಮೊದಲ ಕುಣಿಕೆಯೊಳಗೆ ಹಿಂದಕ್ಕೆ ತಂದು, ಗಂಟನ್ನು ನಾಲಿಗೆಗೆ ಸೋಕಿಸಿ ಎಳೆದಳು. ಬೆರಳುಗಳು ಒಂದನ್ನೂ ಮರೆತಿರಲಿಲ್ಲ.

"ಇಷ್ಟೇ. ಮೇಣ ಬೇಡ, ಎಂಜಲು ಸಾಕು. ಅಪ್ಪ ಹೇಳ್ತಿದ್ರು, ಒಣ ಗಂಟು ಎಳೀಬೇಡ ಅಂತ."

ಟೈಲರನ ಮೊದಲ ಗಂಟು ಜಾರಿತು. ಅವಳು ನಕ್ಕಳು. ಎರಡನೆಯದನ್ನು ಎಳೆದು ನೋಡಿ, "ಇದು ಸಣ್ಣ ಮೀನಿಗೆ," ಎಂದು ಪಕ್ಕಕ್ಕಿಟ್ಟಳು. ಐದನೆಯದನ್ನು ಎರಡೂ ಕೈಯಿಂದ ಎಳೆದಾಗ ಅದು ಕದಲಲಿಲ್ಲ. ಟೈಲರನಿಗೆ ಆದ ಸಂತೋಷ ಯಾವ ಸೂಟಿನ ಟ್ರಯಲ್‌ನಲ್ಲೂ ಆಗಿರಲಿಲ್ಲ. ಹೊರಗೆ ಬೀದಿಯಲ್ಲಿ ಯಾರೋ ಸೈಕಲ್ ಗಂಟೆ ಬಾರಿಸುತ್ತ ಹೋದರು. ಅಂಗಡಿಯ ಬಾಗಿಲು ತೆರೆದೇ ಇತ್ತು. ಟೈಲರ್ ಎದ್ದು ಹೋಗಿ 'ಮುಚ್ಚಿದೆ' ಎಂದು ಕಾಣುವಂತೆ ಬೋರ್ಡು ತಿರುಗಿಸಿ ಬಂದ.

ಬಿಸಿಲು ಎದುರಿನ ಮಹಡಿ ಏರುವಷ್ಟರಲ್ಲಿ ಹನ್ನೆರಡೂ ಮುಗಿದವು. ಏಳು ಅವಳದು, ಐದು ಅವನದು. ಟೋಪಿ ಮೊಳೆಯಿಂದ ಇಳಿಯಿತು, ಬೂಟು ಮಂಚದ ಕೆಳಗಿಂದ ಬಂತು. ಅವಳು ಎಲ್ಲವನ್ನೂ ಮತ್ತೆ ತುಂಬಿ ಬ್ಯಾಗಿನ ಜಿಪ್ಪನ್ನು ಮುಕ್ಕಾಲು ಎಳೆದು ಕೈ ನಿಲ್ಲಿಸಿದಳು.

ಟೈಲರ್ ಕುತ್ತಿಗೆಯಿಂದ ಟೇಪು ತೆಗೆದ. ಎರಡು ಬೆರಳಿಗೆ ಬಿಗಿಯಾಗಿ ಸುತ್ತಿ, ಬ್ಯಾಗಿನೊಳಗೆ ಟೋಪಿಯ ಮೇಲೆ ಇಟ್ಟ. ಅಂಗಿಯ ಕಾಲರಿನ ಸುತ್ತ ಗಾಳಿ ತಣ್ಣಗೆ ತಾಗಿತು. ಅವಳು ಜಿಪ್ ಪೂರ್ತಿ ಎಳೆದು, ಅವನ ಕಿವಿಯ ಮೇಲಿದ್ದ ಪೆನ್ಸಿಲ್ ತೆಗೆದುಕೊಂಡು ಕನ್ನಡಿಯ ಹತ್ತಿರ ಹೋಗಿ ಕೊನೆಯ ಸಾಲಿಗೆ ಗೀಟು ಹಾಕಿದಳು.