ಚೀನಾ ನಿಲುವಂಗಿಯ ಚುಂಗು

"ಕೈ ಮ್ಯಾಲೆತ್ರಿ. ಉಸುರು ಹಿಡೀಬ್ಯಾಡ್ರಿ, ನೀವೇನು ಸತ್ತ ರಾಜ ಅಲ್ಲ," ಎಂದಳು ಬಸವೇಶ್ವರಿ, ತುಟಿಗಳ ನಡುವಿನ ಗುಂಡುಪಿನ್ನು ಬೀಳದಂತೆ.

ಗಂಡ ಪ್ರವೀಣಕುಮಾರ ಜರ್ಮನಿಯ ಹರ್ಟ್ಸೋಗೆನಾವ್‌ರಾಕ್ ಊರಿನಲ್ಲಿ ಇಂಜಿನಿಯರು. ಮನೆಯಿಂದಲೇ ಕೆಲಸ, 'ಹೋಮ್ ಆಫೀಸ್', ಎಂಬ ಹೆಸರಿನಲ್ಲಿ ಈಗ ಪಡಸಾಲೆಯ ನಡುವೆ, ಹಳೆಯ ಕಿಟಕಿ ಪರದೆಯಿಂದ ಹೊಲಿದ ಪ್ರಾಚೀನ ಚೀನಾದ ನಿಲುವಂಗಿಯೊಳಗೆ ನಿಂತಿದ್ದ.

ಈ ಅಂಗಿಯ ಅಂಚಿನ ಬಗ್ಗೆ ಹಳೆಯ ಚೀನೀ ಮೂಲಗ್ರಂಥದಲ್ಲಿರುವುದು ನಾಲ್ಕೇ ಅಕ್ಷರ. ಅದರಲ್ಲಿ 'ರೆನ್' ಎಂದರೆ ಎದೆಯ ಮೇಲಿನ ಮಡಿಕೆಯೋ, ಪಕ್ಕದ ತುಂಡೋ ಎಂದು ಪಂಡಿತರು ಶತಮಾನಗಳಿಂದ ಸಭ್ಯವಾಗಿ ಕಚ್ಚಾಡಿದ್ದಾರೆ. ಬಸವೇಶ್ವರಿಯ ಪ್ರಕಾರ ಅದು ಉದ್ದಕ್ಕೆ ಬೆಳೆದ ಚುಂಗು, ಬಟ್ಟೆಯ ಬಾಲ. ಹಿಂದಕ್ಕೆ ಒಯ್ದು ಸೊಂಟಕ್ಕೆ ಸಿಗಿಸುವಂಥದ್ದು. ಮಧ್ಯಾಹ್ನ ಅವಳ ಪಿಎಚ್.ಡಿ.ಯ ಮೌಖಿಕ ಪರೀಕ್ಷೆ. ಇಡೀ ಪ್ರಬಂಧ ಜೋತುಬಿದ್ದದ್ದು ಈ ಚುಂಗಿಗೆ.

"ಚುಂಗು ಹಿಂದಕ ಸಿಗಿಸ್ರಿ."

ಪ್ರವೀಣಕುಮಾರ ಕೊಂಚ ಬಗ್ಗಿ, ಕಾಲುಗಳ ನಡುವಿನಿಂದ ಚುಂಗನ್ನು ಎಳೆದು ಬೆನ್ನಹಿಂದೆ ಸಿಕ್ಕಿಸಿಬಿಟ್ಟ. "ಭಾಳ ಆರಾಮ ಐತಿ. ಇದರಾಗ ಓಡಬೌದು ನೋಡು."

"ಬರೋಬ್ಬರಿ!" ಎಂದು ಅವಳು ಫೋಟೋ ತೆಗೆದಳು. ಮೊಬೈಲಿನಲ್ಲಿ ಅದನ್ನು ದೊಡ್ಡದು ಮಾಡಿ ನೋಡಿದಳು. ಕಪ್ಪು ಸಾಕ್ಸು, ಅದರ ಮೇಲೆ ಬರಿಯ ಮೀನಖಂಡ.

"ಕಾಲ ನಡುವ ತಗೋರಿ ಅಂದೆನೇನ್ರಿ ನಾನು?"

"ಮತ್ತ? ಹಿಂದಕ ಸಿಗಿಸೂದಂದ್ರ ಹಂಗ ಅಲ್ಲೇನು? ನಮ್ಮ ಉಳವಪ್ಪ ಮುತ್ಯಾ..."

"ಅದು ಧೋತರದ ಕಚ್ಚಿರೀ!"

ಕಾಲ ನಡುವೆ ಎಂದು ಗ್ರಂಥ ಹೇಳಿರಲಿಲ್ಲ. ಅವಳೂ ಬರೆದಿರಲಿಲ್ಲ. ಆದರೆ ಬರೆಯುವಾಗ ಅವಳ ಕಣ್ಣಮುಂದೆ ಕಟ್ಟಿದ್ದ ಚಿತ್ರ ಇದೇ. 'ಮೈ ಕಾಣುವಷ್ಟು ಗಿಡ್ಡ ಬೇಡ, ಮಣ್ಣು ತಾಗುವಷ್ಟು ಉದ್ದ ಬೇಡ' ಎಂದು ಅದೇ ಗ್ರಂಥದ ಹಿಂದಿನ ಸಾಲು ಸಾರುತ್ತಿತ್ತು. ಅದು ಅವಳಿಗೆ ಬಾಯಿಪಾಠ.

"ನಿಮ್ಮ ಪ್ರೊಫೆಸರಗ ಏನ್ ತಿಳೀತೈತಿ ಬಿಡ. ಅವರ ಮುತ್ಯಾ ಧೋತರ ಉಟ್ಟಿರೂದಿಲ್ಲ."

"ನನಗ ತಿಳೀತಲ್ಲ. ಚೀನಾದವರಿಗೆ ಗದಗಿನ ಕಚ್ಚಿ ಹಾಕ್ಸಿದ್ದೆ, ಈಗ ತಗದೀನಿ ಅಂತ ನಾನ ಮೊದಲ ಹೇಳತೀನಿ. ಅವರು ಹಿಡಿಯೂಕಿಂತ ಚಲೋ. ಬಿಚ್ರಿ."

ಈ ಸಲ ಅವಳೇ ಚುಂಗು ಹಿಡಿದು ಗಂಡನಿಗೆ ಒಂದು ಪ್ರದಕ್ಷಿಣೆ ಹಾಕಿದಳು. ಪಕ್ಕದ ಸೀಳು ಮುಚ್ಚಿತು. ಚುಂಗಿನ ತುದಿ ತಾನಾಗಿ ಸೊಂಟಪಟ್ಟಿಗೆ ಬಂದು ಕೂತಿತು.

"ಹೊರಗ ನಡೀರಿ. ಮೆಟ್ಟಲಾ ಇಳದು ತೋರಸ್ರಿ."

"ಹಿಂಗನಾ? ಮಂದಿ ನೋಡ್ತಾರ!"

"ನೋಡ್ಲಿ."

ಕೆಳಗಿನ ಮನೆಯ ಫ್ರೌ ಕ್ರೇಮರ್ ಮೆಟ್ಟಿಲು ಒರೆಸುತ್ತಿದ್ದವರು ಬಕೆಟ್ಟನ್ನು ಗೋಡೆಗೆ ಸರಿಸಿ, "ಶಿಕ್!" ಎಂದು ಮೆಚ್ಚಿದರು. ಪ್ರವೀಣಕುಮಾರ ಮದುಮಗನಂತೆ ತಲೆತಗ್ಗಿಸಿ ಇಳಿಯತೊಡಗಿದ. ಬಸವೇಶ್ವರಿ ಕಟಕಟೆಗೆ ಬಾಗಿ ಅಂಚನ್ನೇ ನೋಡುತ್ತಿದ್ದಳು. ಅದು ಒದ್ದೆ ಮೆಟ್ಟಿಲುಗಳಿಂದ ಬೆರಳಷ್ಟು ಮೇಲೆ, ಒಂಚೂರೂ ನೆನೆಯದೆ, ತಿರುವು ದಾಟಿತು.